ಹೊಗೆ ಉಗುಳುವ ಬೆಟ್ಟದ ಬುಡದಲ್ಲಿ ಜನ ಯಾಕಿದ್ದಾರೆ?

ಪ್ರಶ್ನೆ: ಮೆಕ್ಸಿಕೊದ ಪೊಪೊಕಾಟೆಪೆಟ್ಲ್ ಜ್ವಾಲಾಮುಖಿಯ ವಿಡಿಯೊ ಆಗಾಗ ನೋಡುತ್ತೇವೆ. ಅದರ ಬುಡದಲ್ಲೇ ಹಳ್ಳಿಗಳಿವೆಯಂತೆ. ಆ ಜನ ಊರು ಬಿಟ್ಟು ಹೋಗಬಾರದಾ?

ಉತ್ತರ: ಹೋಗಿದ್ದರು, ವಾಪಸ್ ಬಂದರು. ದಶಕಗಳ ಕಾಲ ಸುಮ್ಮನಿದ್ದ ಈ ಬೆಟ್ಟ 1994ರ ಡಿಸೆಂಬರ್‌ನಲ್ಲಿ ಎದ್ದಿತು. ಆಗಲೂ, 2000ದ ಡಿಸೆಂಬರ್‌ನಲ್ಲೂ ಸಾವಿರಾರು ಜನರನ್ನು ಶಿಬಿರಗಳಿಗೆ ಸಾಗಿಸಿದರು. ಆದರೆ ಹಸು, ಕತ್ತೆ, ಕೋಳಿಗಳನ್ನು ಬಸ್ಸಿಗೆ ಹತ್ತಿಸೋಕಾಗುತ್ತಾ? ಬೀಗ ಹಾಕಿದ ಮನೆಗೆ ಕಳ್ಳರು ನುಗ್ಗಿದರೆ? ಇದೇ ಚಿಂತೆಗೆ ಎಷ್ಟೋ ಮಂದಿ ಹೊರಡಲೇ ಇಲ್ಲ.

ಬದುಕು ಇರುವುದೂ ಅಲ್ಲೇ. ಬೆಟ್ಟದ ಬಾಯಿಂದ ಸುಮಾರು 12 ಕಿಲೋಮೀಟರ್ ದೂರದ ಸಾಂಟಿಯಾಗೊ ಹಲಿಟ್ಸಿಂಟ್ಲಾದಲ್ಲಿ ಮೆಕ್ಕೆಜೋಳ, ಬೀನ್ಸ್, ಪೇರ್, ವಾಲ್ನಟ್ ಬೆಳೆಯುತ್ತಾರೆ. ಪಕ್ಕದ ಸಾನ್ ನಿಕೊಲಾಸ್‌ನಲ್ಲಿ ಜ್ವಾಲಾಮುಖಿಯ ಕಲ್ಲನ್ನೇ ಕೆತ್ತಿ ಮೊಲ್ಕಾಹೆಟೆ ಮಾಡುತ್ತಾರೆ. ಮೂರು ಕಾಲಿನ ಪುಟ್ಟ ಒರಳು ಅನ್ನಿ, ಸಾಲ್ಸಾ ಅನ್ನೋ ಚಟ್ನಿ ಅರೆಯೋದು ಅದರಲ್ಲೇ.

ದಿನನಿತ್ಯದ ತಲೆನೋವು ಬೂದಿ. ಒಲೆಯ ಬೂದಿ ಥರ ಮೆತ್ತಗಿರಲ್ಲ. ಪುಡಿಯಾದ ಕಲ್ಲು, ಗಾಜಿನ ಚೂರು ಅದು. ಕಣ್ಣು ಉಜ್ಜಿದರೆ ಗೀರುತ್ತದೆ. ಪೈಪ್ ಹಿಡಿದು ತೊಳೆದರೆ ಚರಂಡಿ ಕಟ್ಟಿಕೊಳ್ಳುತ್ತದೆ. ಮಳೆ ಬಿದ್ದರೆ ನೆನೆದು ಭಾರವಾಗಿ ತಗಡಿನ ಸೂರು ಕುಸಿಯಬಹುದು. ಹಾಗಾಗಿ ನೀರಿನ ತೊಟ್ಟಿ ಮುಚ್ಚಿ, ಮೂಗಿಗೆ ಬಟ್ಟೆ ಕಟ್ಟಿ, ಸ್ವಲ್ಪವೇ ನೀರು ಚಿಮುಕಿಸಿ, ಗುಡಿಸಿ ಚೀಲಕ್ಕೆ ತುಂಬಬೇಕು. ಮರುದಿನ ಮತ್ತೆ ಬಿದ್ದರೆ ಮತ್ತೆ ಪೊರಕೆ.

ಇಷ್ಟೆಲ್ಲ ಕಾಟ ಕೊಟ್ಟರೂ ಬೆಟ್ಟದ ಮೇಲೆ ಸಿಟ್ಟಿಲ್ಲ. ಅದಕ್ಕೆ 'ಡಾನ್ ಗೊಯೊ' ಅಂತ ಪ್ರೀತಿಯ ಹೆಸರು, ಅಂದರೆ ಗ್ರೆಗೊರಿಯೊ ಯಜಮಾನರು. ಮಾರ್ಚ್ 12, ಸಂತ ಗ್ರೆಗರಿಯ ದಿನ, ಅವರ ಹುಟ್ಟುಹಬ್ಬ. ಹಣ್ಣು, ಮೋಲೆ ಸಾರು, ಹೂವು, ಮದ್ಯ ಹೊತ್ತು ಬೆಟ್ಟ ಹತ್ತುತ್ತಾರೆ. ಮುಂದಾಳು 'ತಿಯೆಂಪೆರೊ', ಮಳೆ ಬೇಡುವವನು. ಒಳ್ಳೆ ಮಳೆ ಕೊಡು, ಆಲಿಕಲ್ಲು ಬೇಡ ಅನ್ನೋದು ಕೋರಿಕೆ. ಮೂಢನಂಬಿಕೆ ಅಂತ ನಗಬೇಡಿ. ಮಳೆ ನಂಬಿ ಬಿತ್ತುವವರಿಗೆ ಆಲಿಕಲ್ಲೂ ಜ್ವಾಲಾಮುಖಿಯಷ್ಟೇ ದೊಡ್ಡ ವಿಷಯ.

ಸರ್ಕಾರದ ಲೆಕ್ಕ ಬೇರೆ: ಅಪಾಯದ ಎಚ್ಚರಿಕೆಗೆ ಟ್ರಾಫಿಕ್ ಸಿಗ್ನಲ್ ಥರ ಹಸಿರು, ಹಳದಿ, ಕೆಂಪು. 2023ರ ಮೇ ತಿಂಗಳಲ್ಲಿ ಅದು ಹಳದಿಯ ಮೂರನೇ ಹಂತಕ್ಕೆ, ಅಂದರೆ ಕೆಂಪಿನ ಹೊಸ್ತಿಲಿಗೆ ಬಂತು. ಎಷ್ಟೋ ಶಾಲೆಗಳು ಆನ್‌ಲೈನ್ ಆದವು. ಆಗ ಹಳ್ಳಿಯವರ ದೊಡ್ಡ ದೂರು ರಸ್ತೆಯದ್ದೇ ಆಗಿತ್ತು: ಓಡಿಹೋಗಲು ಗುರುತು ಮಾಡಿದ ದಾರಿಗಳಲ್ಲೇ ಗುಂಡಿಗಳು.