ಬದುಕಿ ಉಳಿದವರ ಗಡ್ಡೆಯಲ್ಲಿ ಏನಿತ್ತು?

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂದು, ಶಸ್ತ್ರಚಿಕಿತ್ಸೆಯಾಗಿ, ಹತ್ತು ವರ್ಷ ಕಳೆದ ಮೇಲೂ ಆರೋಗ್ಯವಾಗಿ ಓಡಾಡಿಕೊಂಡಿರುವವರು ಬೆರಳೆಣಿಕೆಯಷ್ಟು ಜನ. ಇಂಥವರನ್ನು ಕಂಡರೆ 'ಅದೃಷ್ಟ' ಎಂದು ಹೇಳಿ ಮುಂದೆ ಹೋಗುವುದು ರೂಢಿ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ಶಸ್ತ್ರಚಿಕಿತ್ಸಕ ವಿನೋದ್ ಬಾಲಚಂದ್ರನ್ ಹಾಗೆ ಮುಂದೆ ಹೋಗಲಿಲ್ಲ. ಮೇದೋಜೀರಕ, ಯಕೃತ್ತು, ಪಿತ್ತನಾಳಗಳ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡುವ ಇವರು ಪ್ರಯೋಗಾಲಯವೊಂದನ್ನೂ ನಡೆಸುತ್ತಾರೆ. ಈ ಕೆಲವರು ಬದುಕಿದ್ದು ಹೇಗೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಅವರು ಎಲ್ಲಿಗೆ ತಲುಪಿದರು ಎಂಬುದು, ನನ್ನ ಮಟ್ಟಿಗೆ, ಈ ಕಾಲದ ವೈದ್ಯವಿಜ್ಞಾನದ ಅತ್ಯಂತ ಭರವಸೆಯ ಕಥೆಗಳಲ್ಲಿ ಒಂದು.

ಮೊದಲು ಈ ಗ್ರಂಥಿ ಕುಳಿತಿರುವ ಜಾಗವನ್ನು ನೋಡಬೇಕು. ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ, ಅಡ್ಡಲಾಗಿ ಮಲಗಿರುವ ಅಂಗ ಇದು. ಕನ್ನಡದ ಹೆಸರೇ ಅದರ ಒಂದು ಕೆಲಸವನ್ನು ಹೇಳುತ್ತದೆ: ಮೇದಸ್ಸನ್ನು, ಅಂದರೆ ಕೊಬ್ಬನ್ನು, ಜೀರ್ಣಿಸುವ ರಸವನ್ನು ಸುರಿಸುವುದು. ಇದರ ತಲೆಭಾಗವನ್ನು ಸಣ್ಣಕರುಳಿನ ಮೊದಲ ಬಾಗು ಸುತ್ತುವರಿದಿದೆ. ಪಿತ್ತನಾಳ ಆ ತಲೆಯ ಮೂಲಕವೇ ಹಾದುಹೋಗುತ್ತದೆ. ಹಾಗಾಗಿ ತಲೆಭಾಗದಲ್ಲಿ ಗಡ್ಡೆ ಬೆಳೆದರೆ ಪಿತ್ತದ ದಾರಿ ಕಟ್ಟಿ ಕಾಮಾಲೆ ಕಾಣಿಸಿಕೊಳ್ಳಬಹುದು. ನಡುವಿನಲ್ಲೋ ಬಾಲದಲ್ಲೋ ಬೆಳೆದರೆ ಬಹಳ ಕಾಲ ಯಾವ ಸುಳಿವೂ ಸಿಗುವುದಿಲ್ಲ. ಇನ್ನು ಗ್ರಂಥಿಯಿಂದ ಹೊರಡುವ ರಕ್ತ ಪೋರ್ಟಲ್ ರಕ್ತನಾಳ ಸೇರಿ ನೇರವಾಗಿ ಯಕೃತ್ತಿಗೆ ಹರಿಯುತ್ತದೆ. ಗಡ್ಡೆಯಿಂದ ಕಳಚಿಕೊಂಡ ಕ್ಯಾನ್ಸರ್ ಕೋಶಗಳಿಗೂ ಅದೇ ಹೆದ್ದಾರಿ. ರೋಗ ಮರುಕಳಿಸುವಾಗ ಮತ್ತೆ ಮತ್ತೆ ಯಕೃತ್ತಿನಲ್ಲೇ ತಲೆ ಎತ್ತುವುದಕ್ಕೆ ಇದೊಂದು ಮುಖ್ಯ ಕಾರಣ.

ಗ್ರಂಥಿಯ ತಲೆಭಾಗದ ಗಡ್ಡೆಯನ್ನು ತೆಗೆಯುವ ಶಸ್ತ್ರಚಿಕಿತ್ಸೆಗೆ ಅಲೆನ್ ವಿಪಲ್ ಅವರ ಹೆಸರಿದೆ. ಅವರು 1935ರಲ್ಲಿ ಅದನ್ನು ವರದಿ ಮಾಡಿದ್ದು ಇದೇ ನ್ಯೂಯಾರ್ಕಿನಿಂದ. ಇಂದಿನ ರೂಪದಲ್ಲಿ ಗ್ರಂಥಿಯ ತಲೆ, ಸಣ್ಣಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಕೆಳತುದಿ ಇವೆಲ್ಲವೂ ಹೊರಬರುತ್ತವೆ. ಆಮೇಲೆ ಉಳಿದ ಗ್ರಂಥಿಯನ್ನು, ಪಿತ್ತನಾಳವನ್ನು, ಜಠರವನ್ನು ಒಂದೊಂದಾಗಿ ಕರುಳಿಗೆ ಹೊಲಿಯಬೇಕು. ಗ್ರಂಥಿ ಬೆಣ್ಣೆಯಂತೆ ಮೆತ್ತಗಿದ್ದರೆ ಹೊಲಿಗೆ ನಿಲ್ಲುವುದೇ ಕಷ್ಟ. ಒಂದು ಕಾಲದಲ್ಲಿ ಈ ಚಿಕಿತ್ಸೆ ಮಾಡಿಸಿಕೊಂಡ ನಾಲ್ವರಲ್ಲಿ ಒಬ್ಬರು ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಿದ್ದುದೂ ಉಂಟು. ಈಗ ಪಳಗಿದ ಆಸ್ಪತ್ರೆಗಳಲ್ಲಿ ಆ ಪ್ರಮಾಣ ನೂರಕ್ಕೆ ಐದಕ್ಕಿಂತ ಕಡಿಮೆ. ಕೈಚಳಕ ಇಷ್ಟು ಬೆಳೆದರೂ, ಗಡ್ಡೆ ಪೂರ್ತಿ ಹೊರಬಂದರೂ, ಹೆಚ್ಚಿನವರಲ್ಲಿ ರೋಗ ಮರಳಿ ಬರುತ್ತದೆ. ಚಾಕು ತಾಗುವ ಮೊದಲೇ ಕಣ್ಣಿಗೆ ಕಾಣದ ಕೋಶಗಳು ದಾಟಿ ಹೋಗಿರುತ್ತವೆ. ಅವುಗಳ ಬೆನ್ನಟ್ಟಲು ಚಾಕುವಿಗೆ ಸಾಧ್ಯವಿಲ್ಲ.

'ಇವರು ಬದುಕಿದ್ದು ಹೇಗೆ' ಎಂಬ ಪ್ರಶ್ನೆಗೆ ಇದೇ ಆಸ್ಪತ್ರೆಯಲ್ಲಿ ನೂರು ವರ್ಷಕ್ಕೂ ಹಳೆಯ ಬೇರುಗಳಿವೆ. 1891ರಲ್ಲಿ ವಿಲಿಯಂ ಕೋಲಿ ಎಂಬ ಯುವ ಶಸ್ತ್ರಚಿಕಿತ್ಸಕ, ಕೈಯ ಮೂಳೆಯ ಸಾರ್ಕೋಮಾ ಎಂಬ ಕ್ಯಾನ್ಸರ್ ಇದ್ದ ಹದಿಹರೆಯದ ಹುಡುಗಿಯೊಬ್ಬಳನ್ನು ಕಳೆದುಕೊಂಡರು. ಆ ಸಾವನ್ನು ಮರೆಯಲಾಗದೆ, ಆಗ ತಾವಿದ್ದ ನ್ಯೂಯಾರ್ಕ್ ಹಾಸ್ಪಿಟಲ್‌ ಎಂಬ ಬೇರೊಂದು ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಜಾಲಾಡಿದರು. ಸ್ಟೈನ್ ಎಂಬ ಜರ್ಮನ್ ವಲಸಿಗನ ದಾಖಲೆ ಸಿಕ್ಕಿತು. ಕುತ್ತಿಗೆಯಲ್ಲಿ ಗಡ್ಡೆ, ಎಷ್ಟು ಸಲ ತೆಗೆದರೂ ಮತ್ತೆ ಬೆಳೆಯುತ್ತಿತ್ತು. ಅದರ ಮೇಲೆ ಚರ್ಮ ಕೆಂಪಾಗಿ ಉರಿಯುವ ಎರಿಸಿಪೆಲಾಸ್ ಎಂಬ ಸೋಂಕೂ ತಗುಲಿತು. ಜ್ವರ ಇಳಿಯುವ ಹೊತ್ತಿಗೆ ಗಡ್ಡೆಯೂ ಕರಗಿತ್ತು! ಕೋಲಿ ನಗರದ ಬಡ ಕೇರಿಗಳಲ್ಲಿ ಅಲೆದು ಆತನನ್ನು ಹುಡುಕಿದರು. ವರ್ಷಗಳು ಕಳೆದಿದ್ದರೂ ಸ್ಟೈನ್ ಬದುಕಿದ್ದ. ಸೋಂಕಿನ ವಿರುದ್ಧ ಎದ್ದ ದೇಹ ಕ್ಯಾನ್ಸರನ್ನೂ ಹೊಡೆದಿರಬೇಕೆಂದು ಕೋಲಿ ಊಹಿಸಿದರು. ಮುಂದೆ ಅವರು ಕೆಲಸ ಮಾಡಿದ ಮೆಮೋರಿಯಲ್ ಆಸ್ಪತ್ರೆಯೇ ಇಂದಿನ ಸ್ಲೋನ್ ಕೆಟರಿಂಗ್.

ಬಾಲಚಂದ್ರನ್ ಮತ್ತು ಸಂಗಡಿಗರಿಗೆ ಕೋಲಿಯ ಬಳಿ ಇಲ್ಲದ ಒಂದು ಸಾಧನವಿತ್ತು: ಗಡ್ಡೆಯ ಜೀನುಗಳನ್ನು ಅಕ್ಷರ ಅಕ್ಷರವಾಗಿ ಓದುವ ಯಂತ್ರ. ದೀರ್ಘಕಾಲ ಬದುಕಿದವರ ಗಡ್ಡೆಗಳನ್ನು ಬೇಗ ತೀರಿಕೊಂಡವರ ಗಡ್ಡೆಗಳ ಪಕ್ಕದಲ್ಲಿಟ್ಟು ನೋಡಿದರು. ಬದುಕಿದವರ ಗಡ್ಡೆಯೊಳಗೆ ಟಿ ಕೋಶಗಳು, ಅಂದರೆ ರೋಗಪೀಡಿತ ಕೋಶಗಳನ್ನು ಗುರುತಿಸಿ ಕೊಲ್ಲುವ ಬಿಳಿರಕ್ತಕಣಗಳು, ದಟ್ಟವಾಗಿ ನುಗ್ಗಿದ್ದವು. ಅವು ಗುರಿಯಿಟ್ಟದ್ದು ಜೀನುಗಳ ರೂಪಾಂತರದಿಂದ ಹುಟ್ಟಿದ ಹೊಸ ಪ್ರೋಟೀನ್ ತುಣುಕುಗಳಿಗೆ. ಇಂಥ ತುಣುಕಿಗೆ ನಿಯೋಆ್ಯಂಟಿಜೆನ್ ಎಂದು ಹೆಸರು. 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಈ ಅಧ್ಯಯನದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು: ಬದುಕಿದವರ ಗಡ್ಡೆಯ ಕೆಲವು ತುಣುಕುಗಳು ರೋಗಾಣುಗಳ ಪ್ರೋಟೀನುಗಳನ್ನು ಹೋಲುತ್ತಿದ್ದವು. ದೇಹ ತನ್ನದೇ ಕೋಶವನ್ನು ಪರಕೀಯವೆಂದು ಕಂಡಿತ್ತು. 2022ರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದೀರ್ಘಕಾಲ ಬದುಕಿದವರಲ್ಲೂ ಕೊನೆಗೆ ಮರಳಿ ಬಂದ ಗಡ್ಡೆಗಳನ್ನು ಪರೀಕ್ಷಿಸಿದಾಗ, ಎದ್ದು ಕಾಣುವಂಥ ಆ ತುಣುಕುಗಳು ಅಲ್ಲಿ ಕಡಿಮೆಯಾಗಿದ್ದವು. ಅಂದರೆ ಟಿ ಕೋಶಗಳು ವರ್ಷಗಟ್ಟಲೆ ಕಾವಲು ಕಾದು, ಗುರುತು ಸಿಕ್ಕ ಕೋಶಗಳನ್ನೆಲ್ಲ ಕಿತ್ತು ಹಾಕಿದ್ದವು.

ಹಾಗಾದರೆ ಈ ಗುರುತನ್ನು ಉಳಿದವರ ದೇಹಕ್ಕೂ ಕಲಿಸಬಹುದಲ್ಲವೇ?

2019ರ ಕೊನೆಗೆ ಆರಂಭವಾದ ಪ್ರಯೋಗ ಹೀಗಿತ್ತು. ನ್ಯೂಯಾರ್ಕಿನಲ್ಲಿ ತೆಗೆದ ಗಡ್ಡೆಯ ಮಾದರಿ ಜರ್ಮನಿಯ ಮೈಂಜ್ ನಗರದ ಬಯೋಎನ್‌ಟೆಕ್ ಸಂಸ್ಥೆಗೆ ಹೋಗುತ್ತದೆ. ಗಡ್ಡೆಯ ಜೀನುಗಳನ್ನು ಅದೇ ರೋಗಿಯ ಆರೋಗ್ಯವಂತ ಕೋಶಗಳ ಜೀನುಗಳೊಂದಿಗೆ ಹೋಲಿಸಿ, ಗಡ್ಡೆಯಲ್ಲಿ ಮಾತ್ರ ಇರುವ, 20ರವರೆಗಿನ ನಿಯೋಆ್ಯಂಟಿಜೆನ್‌ಗಳನ್ನು ಆರಿಸುತ್ತಾರೆ. ಅವುಗಳ ಸಂದೇಶವನ್ನು ಎಂಆರ್‌ಎನ್‌ಎಯಲ್ಲಿ, ಅಂದರೆ ಯಾವ ಪ್ರೋಟೀನ್ ಕಟ್ಟಬೇಕೆಂದು ಕೋಶಕ್ಕೆ ಹೇಳುವ ಅಣುವಿನಲ್ಲಿ, ಬರೆದು, ಕೊಬ್ಬಿನ ಕಣಗಳಲ್ಲಿ ಸುತ್ತಿ, ಲಸಿಕೆಯಾಗಿ ವಾಪಸು ಕಳಿಸುತ್ತಾರೆ. ಶಸ್ತ್ರಚಿಕಿತ್ಸೆಯಾಗಿ ಸುಮಾರು ಒಂಬತ್ತು ವಾರಕ್ಕೆ ಲಸಿಕೆ ರೋಗಿಯ ರಕ್ತನಾಳ ಸೇರುತ್ತದೆ. ಒಬ್ಬರ ಲಸಿಕೆ ಇನ್ನೊಬ್ಬರಿಗೆ ಉಪಯೋಗವಿಲ್ಲ. ಜೊತೆಗೆ ಟಿ ಕೋಶಗಳಿಗೆ ಬಿದ್ದ ತಡೆಯನ್ನು ಸಡಿಲಿಸುವ ಅಟೆಜೊಲಿಜುಮ್ಯಾಬ್ ಎಂಬ ಔಷಧದ ಒಂದು ಡೋಸ್, ಆಮೇಲೆ ಕೀಮೋಥೆರಪಿ.

ಲಸಿಕೆ ಪಡೆದ 16 ಜನರಲ್ಲಿ 8 ಮಂದಿಯ ದೇಹ ಪಾಠ ಕಲಿಯಿತು, ಅಂದರೆ ಆ ತುಣುಕುಗಳಿಗೆ ಗುರಿಯಿಡುವ ಟಿ ಕೋಶಗಳನ್ನು ಬೆಳೆಸಿತು. 2025ರ ವರದಿಯ ಪ್ರಕಾರ, ಮೂರು ವರ್ಷ ದಾಟಿದ ಮೇಲೆ ಈ ಎಂಟು ಜನರಲ್ಲಿ ಇಬ್ಬರಿಗೆ ಮಾತ್ರ ರೋಗ ಮರಳಿತ್ತು. ಪಾಠ ಕಲಿಯದ ಎಂಟರಲ್ಲಿ ಏಳು ಮಂದಿಗೆ ಮರಳಿತ್ತು. ಎಂಟು ಜನ ಅಂದರೆ ಸಣ್ಣ ಲೆಕ್ಕ. ಅವರ ರೋಗನಿರೋಧಕ ಶಕ್ತಿಯೇ ಮೊದಲಿನಿಂದ ಚೆನ್ನಾಗಿತ್ತೋ ಏನೋ ಎಂಬ ಸಂಶಯ ಸಹಜ. ಇದನ್ನು ಪರೀಕ್ಷಿಸಲು ಕೋವಿಡ್ ಕಾಲ ಒಂದು ಅವಕಾಶ ಒದಗಿಸಿತು: ಕೋವಿಡ್ ಲಸಿಕೆಗೆ ಎರಡೂ ಗುಂಪಿನವರು ಒಂದೇ ರೀತಿ ಸ್ಪಂದಿಸಿದ್ದರು. ಕ್ಯಾನ್ಸರ್ ಲಸಿಕೆಯಿಂದ ಹುಟ್ಟಿದ ಟಿ ಕೋಶವಂಶಗಳ ಸರಾಸರಿ ಆಯುಸ್ಸು 7.7 ವರ್ಷ ಎಂಬ ಅಂದಾಜೂ ಇದೆ. ಆದರೂ ಚೀಟಿ ಎತ್ತಿ ಎರಡು ಗುಂಪು ಮಾಡಿ ಹೋಲಿಸುವವರೆಗೆ ಏನನ್ನೂ ಖಚಿತವಾಗಿ ಹೇಳುವಂತಿಲ್ಲ. ಅಂಥ ದೊಡ್ಡ ಪ್ರಯೋಗ 2023ರಲ್ಲಿ ಆರಂಭವಾಗಿದೆ. ಲಸಿಕೆಗೆ ಅರ್ಧದಷ್ಟು ಜನರ ದೇಹ ಓಗೊಡಲಿಲ್ಲವೇಕೆ ಎಂಬುದೂ ಬಿಡಿಸಬೇಕಾದ ಗಂಟು.

ಆ 16 ಜನರ ಪ್ರಯೋಗದ ಬಗ್ಗೆ 2023ರಲ್ಲಿ ಬಂದ ಮೊದಲ ವರದಿಯಲ್ಲಿ ಒಬ್ಬ ರೋಗಿಯ ಪ್ರಸಂಗವಿದೆ. ಲಸಿಕೆ ಪಡೆದ ನಂತರ ಅವರ ಯಕೃತ್ತಿನಲ್ಲಿ ಚಿಕ್ಕದೊಂದು ಹೊಸ ಮಚ್ಚೆ ಕಾಣಿಸಿಕೊಂಡಿತು. ಈ ರೋಗವನ್ನು ಬಲ್ಲ ಯಾರಿಗಾದರೂ ಎದೆ ಧಸಕ್ಕೆನ್ನುವ ಚಿತ್ರ ಅದು. ಸೂಜಿ ಹಾಕಿ ತುಣುಕು ತೆಗೆದು ನೋಡಿದರೆ ತುಂಬ ರೋಗನಿರೋಧಕ ಕೋಶಗಳೇ ಇದ್ದವು. ಅವುಗಳ ನಡುವೆ ಲಸಿಕೆಯಿಂದ ಬೆಳೆದ ಟಿ ಕೋಶಗಳೂ ಇದ್ದವು, ಮೂಲ ಗಡ್ಡೆಯ ರೂಪಾಂತರದ ಸಣ್ಣ ಕುರುಹೂ ಇತ್ತು. ಮುಂದಿನ ಸ್ಕ್ಯಾನ್‌ಗಳಲ್ಲಿ ಆ ಮಚ್ಚೆ ಕಾಣಲಿಲ್ಲ.