ಕಣ್ಣು ತೆರೆದಿತ್ತು, ರಾಣಿ ಎದ್ದಿರಲಿಲ್ಲ

ರಾತ್ರಿ. ಶೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ನಾಟಕ, ಸ್ಕಾಟ್ಲೆಂಡಿನ ಡನ್ಸಿನೇನ್ ಕೋಟೆ. ಒಬ್ಬ ವೈದ್ಯ, ಒಬ್ಬ ಸೇವಕಿ ಮರೆಯಲ್ಲಿ ನಿಂತಿದ್ದಾರೆ. ಎರಡು ರಾತ್ರಿ ಕಾವಲು ಕೂತರೂ ವೈದ್ಯನಿಗೆ ಏನೂ ಕಂಡಿಲ್ಲ. ಈಗ, ರಾಜ ಡಂಕನ್‌ನನ್ನು ಗಂಡನ ಕೈಯಲ್ಲಿ ಕೊಲ್ಲಿಸಿ ರಾಣಿಯಾದ ಲೇಡಿ ಮ್ಯಾಕ್‌ಬೆತ್ ಬರುತ್ತಾಳೆ, ಕೈಯಲ್ಲಿ ಮೇಣದ ದೀಪ. ಕಣ್ಣು ತೆರೆದಿದೆ ನೋಡು ಅನ್ನುತ್ತಾನೆ ವೈದ್ಯ. ಹೌದು, ಆದರೆ ಅದಕ್ಕೆ ಏನೂ ಕಾಣುತ್ತಿಲ್ಲ ಅನ್ನುತ್ತಾಳೆ ಸೇವಕಿ. ರಾಣಿ ದೀಪ ಇಟ್ಟು ಕೈ ಉಜ್ಜಿಕೊಳ್ಳಲು ಶುರು ಮಾಡುತ್ತಾಳೆ. ನೀರಿಲ್ಲ. ಕೈಯಲ್ಲಿ ಕಲೆಯೂ ಇಲ್ಲ. ಕಾಲು ಗಂಟೆ ಹೀಗೇ ಉಜ್ಜಿದ್ದನ್ನು ಸೇವಕಿ ಹಿಂದೆಯೂ ನೋಡಿದ್ದಾಳೆ.

ಈ ದೃಶ್ಯಕ್ಕೆ ಜನ ಕೊಡುವ ವಿವರಣೆ ಒಂದೇ: ಪಾಪ ಮಾಡಿದಳು, ಅದು ದೆವ್ವವಾಗಿ ಕಾಡಿತು. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಶೇಕ್ಸ್‌ಪಿಯರ್ ಅಷ್ಟು ಸುಲಭದ ದಾರಿ ಹಿಡಿಯಲಿಲ್ಲ. ಹಿಡಿಯಬಹುದಿತ್ತು. ನಾಟಕ ಬರೆದದ್ದು 1606ರ ಆಸುಪಾಸು. ಆಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದ ಒಂದನೇ ಜೇಮ್ಸ್ ಸ್ವತಃ 1597ರಲ್ಲಿ ದೆವ್ವ, ಮಾಟಗಾತಿಯರ ಬಗ್ಗೆ ಪುಸ್ತಕ ಬರೆದಿದ್ದ ರಾಜ. ಸ್ಕಾಟ್ಲೆಂಡಿನಲ್ಲಿ 1563ರ ಕಾಯ್ದೆ ಪ್ರಕಾರ ಮಾಟಕ್ಕೆ ಮರಣದಂಡನೆ. ನಾಟಕ ಶುರುವಾಗುವುದೇ ಮೂವರು ಮಾಟಗಾತಿಯರಿಂದ. ಇಷ್ಟೆಲ್ಲ ಇರುವಾಗ ರಾಣಿಯ ಮೈಮೇಲೆ ಏನೋ ಬಂದಿದೆ ಅಂತ ಬರೆದುಬಿಟ್ಟಿದ್ದರೆ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ, ಅಲ್ವಾ?

ಆದರೆ ಶೇಕ್ಸ್‌ಪಿಯರ್ ಒಬ್ಬ ವೈದ್ಯನನ್ನು ತಂದು ನಿಲ್ಲಿಸಿದ. ಆ ವೈದ್ಯ ಮೊದಲು ಗಮನಿಸುತ್ತಾನೆ, ಕೇಳಿದ್ದನ್ನು ಬರೆದುಕೊಳ್ಳುತ್ತಾನೆ. ನಿದ್ದೆಯ ಸುಖ, ಎಚ್ಚರದ ಕೆಲಸ ಎರಡೂ ಒಟ್ಟಿಗೆ ನಡೆಯುವುದು ಪ್ರಕೃತಿಯಲ್ಲಿ ಆದ ದೊಡ್ಡ ಏರುಪೇರು ಅನ್ನುತ್ತಾನೆ. ಆಮೇಲೆ ಇನ್ನೊಂದು ಮಾತು ಹೇಳುತ್ತಾನೆ. ನಿದ್ದೆಯಲ್ಲಿ ನಡೆಯುತ್ತಿದ್ದವರನ್ನು ನಾನು ಬಲ್ಲೆ, ಅವರು ಹಾಸಿಗೆಯಲ್ಲೇ ಪುಣ್ಯವಂತರಾಗಿ ಸತ್ತರು. ಅಂದರೆ ನಿದ್ದೆನಡಿಗೆ ಪಾಪದ ಗುರುತಲ್ಲ! ಕೊನೆಗೆ ಈಕೆಗೆ ವೈದ್ಯನಿಗಿಂತ ಪಾದ್ರಿಯೇ ಬೇಕು ಅನ್ನುತ್ತಾನೆ, ನಿಜ. ಆದರೆ ಹಾಸಿಗೆಯಲ್ಲೇ ಪುಣ್ಯವಂತರಾಗಿ ಸತ್ತರು ಅನ್ನುವ ಆ ಒಂದು ಸಾಲು ನಾಲ್ಕು ನೂರು ವರ್ಷದ ಹಿಂದಿನದು ಅಂತ ನೆನೆದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ಹಾಗಾದರೆ ಒಳಗೆ ನಡೆಯುವುದೇನು? ಕನಸು ಕಾಣುತ್ತಾ ಎದ್ದು ನಡೆಯುತ್ತಾರೆ ಅಂತ ತುಂಬಾ ಜನ ನಂಬಿದ್ದಾರೆ. ನಮ್ಮ ಎದ್ದುಕಾಣುವ ಕನಸುಗಳು ಜಾಸ್ತಿ ಬೀಳುವುದು ಕಣ್ಣುಗುಡ್ಡೆಗಳು ರೆಪ್ಪೆಯೊಳಗೆ ಸರಸರ ಓಡಾಡುವ ಆರ್‌ಇಎಂ ನಿದ್ದೆಯಲ್ಲಿ. 1953ರಲ್ಲಿ ಷಿಕಾಗೋದಲ್ಲಿ ಸಂಶೋಧಕರಾದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಗುರುತಿಸಿದ ನಿದ್ದೆ ಅದು. ಆಗ ಕೈಕಾಲಿನ ಸ್ನಾಯುಗಳಿಗೆ ಮಿದುಳೇ ಬೀಗ ಹಾಕಿರುತ್ತದೆ. ನಿದ್ದೆನಡಿಗೆ ಹುಟ್ಟುವುದು ಸಾಮಾನ್ಯವಾಗಿ ಇನ್ನೊಂದು ಕಡೆ, ರಾತ್ರಿಯ ಮೊದಲ ಮೂರನೇ ಒಂದು ಭಾಗದ ಗಾಢ ನಿದ್ದೆಯಲ್ಲಿ. ಮಿದುಳಿನ ಅಲೆಗಳು ಸೆಕೆಂಡಿಗೆ ಒಂದೆರಡು ಸಲ ಮಾತ್ರ ಏರಿಳಿಯುವ ಹೊತ್ತು ಅದು. ಅಲ್ಲಿಂದ ಮಿದುಳು ಅರ್ಧ ಮಾತ್ರ ಏಳುತ್ತದೆ.

ಈ 'ಅರ್ಧ' ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಎಚ್ಚರ ಅಂದರೆ ಒಂದು ಸ್ವಿಚ್ ಅಂದುಕೊಂಡಿದ್ದೇವೆ. ಅದು ದೊಡ್ಡ ಮನೆ ಇದ್ದ ಹಾಗೆ. ಎಲ್ಲ ಕೋಣೆಯ ದೀಪ ಒಟ್ಟಿಗೆ ಹತ್ತುವುದಿಲ್ಲ. ಅಥವಾ ಹಡಗು ಅಂದುಕೊಳ್ಳಿ. ಕ್ಯಾಪ್ಟನ್ ಗೊರಕೆ ಹೊಡೆಯುತ್ತಿದ್ದಾನೆ, ಎಂಜಿನ್ ಕೋಣೆಯವರು ಎದ್ದಿದ್ದಾರೆ, ಚುಕ್ಕಾಣಿ ಹಿಡಿದವನೂ ಎದ್ದಿದ್ದಾನೆ. ಹಡಗು ಸಾಗುತ್ತದೆ, ಎಲ್ಲಿಗೆ ಅಂತ ಕೇಳುವವರಿಲ್ಲ. ಡಾಲ್ಫಿನ್‌ಗಳಿಗಂತೂ ಇದು ದಿನನಿತ್ಯದ ಬದುಕು. ಮಿದುಳಿನ ಒಂದು ಅರ್ಧ ಮಲಗಿದರೆ ಇನ್ನೊಂದು ಅರ್ಧ ಎದ್ದಿದ್ದು ಈಜುತ್ತದೆ. ಮನುಷ್ಯರಲ್ಲೂ ಇದನ್ನು ಹೋಲುವುದೊಂದು ಕಂಡಿದೆ. 2000ದಲ್ಲಿ 16 ವರ್ಷದ ಹುಡುಗನೊಬ್ಬ ನಿದ್ದೆಯಲ್ಲಿ ಎದ್ದಾಗ ಅವನ ಮಿದುಳಿನಲ್ಲಿದ್ದ ರಕ್ತದ ಹರಿವಿನ ಚಿತ್ರ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸುಮ್ನೆ ಮಲಗಿದ್ದಾಗಿನ ಗಾಢ ನಿದ್ದೆಗೆ ಹೋಲಿಸಿದರೆ ಚಲನೆಯನ್ನು ಹೊಂದಿಸುವ ಸೆರೆಬೆಲ್ಲಮ್ ಮತ್ತು ಮಿದುಳಿನ ಒಳಭಾಗದಲ್ಲಿರುವ ಸಿಂಗ್ಯುಲೇಟ್‌ನ ಹಿಂಭಾಗ ಚುರುಕಾಗಿದ್ದವು. ವಿವೇಚನೆ, ಯೋಜನೆಗೆ ಬೇಕಾದ ಮುಂಭಾಗ ಮಾತ್ರ ಎಚ್ಚರದಲ್ಲಿ ಇರಬೇಕಾದಷ್ಟು ಕೆಲಸ ಮಾಡುತ್ತಿರಲಿಲ್ಲ.

ಈಗ ರಾಣಿಯ ಹತ್ತಿರ ವಾಪಸ್ ಬನ್ನಿ. ಮೊದಲ ಅಂಕದಲ್ಲಿ ಅವಳು ಬೇಡಿಕೊಂಡದ್ದು ಏನು? ಪಶ್ಚಾತ್ತಾಪ ಒಳಗೆ ಬರುವ ದಾರಿಯನ್ನೇ ಮುಚ್ಚಿಬಿಡಿ ಅಂತ. ಡಂಕನ್‌ನ ಕೊಲೆಯಾದ ಮೇಲೆ, ಸ್ವಲ್ಪ ನೀರು ಸಾಕು, ಎಲ್ಲ ತೊಳೆದುಹೋಗುತ್ತದೆ ಅಂತ ಗಂಡನಿಗೆ ಹೇಳಿದವಳೂ ಅವಳೇ. ಕಲ್ಲು ಮನಸ್ಸು ಅಂತ ಓದುಗರು ಅಲ್ಲಿಗೆ ನಿರ್ಧರಿಸಿಬಿಡುತ್ತಾರೆ. ಆದರೆ ಅದೇ ರಾತ್ರಿ ಅವಳ ಬಾಯಿಂದ ಒಂದು ಮಾತು ಜಾರುತ್ತದೆ: ಮಲಗಿದ್ದ ರಾಜ ನನ್ನ ಅಪ್ಪನ ಹಾಗೆ ಕಾಣದಿದ್ದರೆ ನಾನೇ ಕೊಂದುಬಿಡುತ್ತಿದ್ದೆ. ನನ್ನ ಓದಿನಲ್ಲಿ ಇಡೀ ನಾಟಕದ ಬಿರುಕು ಇರುವುದು ಇಲ್ಲೇ. ಕರುಣೆ ಸತ್ತಿರಲಿಲ್ಲ. ಅದನ್ನು ಹಗಲಿಡೀ ಅದುಮಿ ಹಿಡಿದಿದ್ದಳು. ಅದುಮಿ ಹಿಡಿಯುವುದಕ್ಕೂ ಶಕ್ತಿ ಬೇಕು, ಮತ್ತು ಅದು ಬಹುಪಾಲು ಮಿದುಳಿನ ಮುಂಭಾಗದ ಕೆಲಸ. ರಾತ್ರಿ ಆ ಕಾವಲುಗಾರ ಮಲಗಿದ. ಒಳಗಿದ್ದದ್ದು ಎದ್ದು ನಡೆಯಿತು.

ನಡೆದಾಗ ಅವಳು ಏನು ಮಾಡುತ್ತಾಳೆ ನೋಡಿ. ಗಂಟೆ ಎಣಿಸುತ್ತಾಳೆ. ಮುದುಕನ ಮೈಯಲ್ಲಿ ಅಷ್ಟೊಂದು ರಕ್ತ ಇದ್ದೀತು ಅಂತ ಯಾರಿಗೆ ಗೊತ್ತಿತ್ತು ಅನ್ನುತ್ತಾಳೆ. ಬಾಗಿಲು ಬಡಿಯುತ್ತಿದ್ದಾರೆ, ಕೈ ಕೊಡು, ಮಲಗೋಣ ಬಾ ಅನ್ನುತ್ತಾಳೆ. ಎಲ್ಲವೂ ಆ ರಾತ್ರಿಯ ಚೂರುಗಳು. ಅಲ್ಲಿಯವರೆಗೆ ಪದ್ಯದಲ್ಲಿ ಮಾತಾಡಿದ ರಾಣಿ ಇಲ್ಲಿ ತುಂಡು ತುಂಡು ಗದ್ಯದಲ್ಲಿ ಮಾತಾಡುತ್ತಾಳೆ. 2011ರಲ್ಲಿ ಫ್ರಾನ್ಸ್‌ನ ಸಂಶೋಧಕರು ನಿದ್ದೆಯಲ್ಲಿ ನಡೆಯುವವರಿಗೆ ಹಗಲು ಕೆಲವು ಕೈಚಲನೆಗಳನ್ನು ಕಲಿಸಿದರು. ಅವರಲ್ಲಿ ಒಬ್ಬರು ರಾತ್ರಿ ನಿದ್ದೆಯಲ್ಲೇ ಅದರ ತುಣುಕೊಂದನ್ನು ಮತ್ತೆ ಮಾಡಿದರು. ಒಬ್ಬರೇ ಆದರೂ ನನಗೆ ಇದನ್ನು ಓದಿದಾಗ ರೋಮಾಂಚನವಾಯಿತು.

ಕೈ ತೊಳೆಯುವುದರ ಬಗ್ಗೆ ಮಾತ್ರ ಹುಷಾರಾಗಿರಬೇಕು. ಕೆಟ್ಟ ಕೆಲಸ ನೆನೆದರೆ ಕೈ ತೊಳೆಯುವ ಆಸೆ ಹುಟ್ಟುತ್ತದೆ ಅನ್ನುವ 'ಮ್ಯಾಕ್‌ಬೆತ್ ಪರಿಣಾಮ' 2006ರಲ್ಲಿ ಭಾರಿ ಸುದ್ದಿಯಾಯಿತು. ಬೇರೆಯವರು ದೊಡ್ಡ ಮಟ್ಟದಲ್ಲಿ ಮತ್ತೆ ಮಾಡಿ ನೋಡಿದಾಗ ಅದು ಸಿಗಲಿಲ್ಲ. ನಿದ್ದೆಯಲ್ಲಿ ನಡೆಯುವವರನ್ನು ಎಬ್ಬಿಸಿದರೆ ಪ್ರಾಣ ಹೋಗುತ್ತದೆ ಅನ್ನುವುದೂ ಸುಳ್ಳು. ಗಲಿಬಿಲಿಯಾಗುತ್ತಾರೆ, ಅಷ್ಟೇ. ಮೆಲ್ಲಗೆ ಕೈಹಿಡಿದು ಹಾಸಿಗೆಗೆ ಕರೆದೊಯ್ದರೆ ಸಾಕು.

ಇನ್ನು ಆ ದೀಪ. ಮೊದಲ ಅಂಕದಲ್ಲಿ ಇದೇ ಹೆಂಗಸು, ದಟ್ಟ ಕತ್ತಲೆಯೇ ಬಾ, ನನ್ನ ಚೂರಿ ತಾನು ಮಾಡುವ ಗಾಯವನ್ನು ನೋಡದಿರಲಿ ಅಂತ ಕರೆದಿದ್ದಳು. ಈಗ ದೀಪ ಎಲ್ಲಿಂದ ಬಂತು ಅಂತ ವೈದ್ಯ ಕೇಳುತ್ತಾನೆ. ಸೇವಕಿ ಹೇಳುತ್ತಾಳೆ: ಅದು ಅವರ ಪಕ್ಕದಲ್ಲೇ ಇತ್ತು, ಯಾವಾಗಲೂ ಇರಬೇಕು ಅಂತ ಅವರದೇ ಅಪ್ಪಣೆ. ಆ ಅಪ್ಪಣೆಯನ್ನು ಅವಳು ನಿದ್ದೆಯಲ್ಲಿ ಕೊಟ್ಟಿರಲಿಲ್ಲ.