ಕನ್ನಡದೊಳಗೊಂದು ಪೌಂಡ್ ಚಿಹ್ನೆ

ಹಳೆಯ ಡೇಟಾಬೇಸ್ ತೆರೆದಾಗ ‘ಕನ್ನಡ’ ಎಂದು ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನ್ನರ ಜೋಡಿ ಎಸ್ ಕಂಡರೆ ಗಾಬರಿ ಬೇಡ. ಮಾಹಿತಿ ಕೆಟ್ಟಿಲ್ಲ, ಅದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದದ್ದು. ಆ ಕಾಲದ ಫಾಂಟುಗಳು ಲ್ಯಾಟಿನ್ ಸಂಕೇತಗಳಿಗೇ ಕನ್ನಡದ ವೇಷ ಹಾಕುತ್ತಿದ್ದವು. ಪರದೆಯ ಮೇಲೆ ಕನ್ನಡ, ಒಳಗೆ ಯುರೋಪು.

ವರ್ಣಮಾಲೆಯೇ ಗೊತ್ತಿಲ್ಲದ ಡೇಟಾಬೇಸು ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು ಹೇಗೆ? ನುಡಿಯಲ್ಲಿ ‘ರ’ಕಾರದ ಸಂಕೇತ ಇಂಗ್ಲಿಷಿನ ಸಣ್ಣ ಜಿ, ‘ತಿ’ಯದು ಡಬ್ಲ್ಯು. ಹಾಗಾಗಿ ರಾಮಯ್ಯ ತಿಮ್ಮಯ್ಯನಿಗಿಂತ ಮುಂದೆ ನಿಲ್ಲುತ್ತಾನೆ.

ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಹಳೆಯ ಬರಹವನ್ನು ಅದಕ್ಕೆ ಬದಲಿಸುವ ಪರಿವರ್ತಕ ತಂತ್ರಾಂಶಗಳೂ ಇವೆ. ಆದರೂ ಕೆಲಸ ಸಲೀಸಲ್ಲ. ‘ಸೂರ್ಯ’ದ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಹಳೆಯ ಕಡತದಲ್ಲಿ ಕೊನೆಗಿರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ‘ಯ’ಕಾರಕ್ಕೆ ಮೊದಲೇ ಬರಬೇಕು. ಇದನ್ನಾದರೂ ನಿಯಮ ಬರೆದು ಸರಿಪಡಿಸಬಹುದು. ಯಾವ ಕಾಲಂ ಯಾವ ಫಾಂಟಿನದು ಎಂಬುದು ಮಾತ್ರ ಡೇಟಾಬೇಸಿನಲ್ಲಿ ಎಲ್ಲೂ ಬರೆದಿರುವುದಿಲ್ಲ. ಅದು ಹಳೆಯ ತಂತ್ರಾಂಶದ ಪರದೆಯ ವಿನ್ಯಾಸದಲ್ಲೋ, ನಿವೃತ್ತರಾದ ಯಾರದೋ ನೆನಪಿನಲ್ಲೋ ಉಳಿದಿರುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ನಿಜವಾದ ಕಗ್ಗಂಟು ಇದೇ. ಉದಾಹರಣೆಗೆ, ನುಡಿಯಲ್ಲಿ ಇಂಗ್ಲಿಷಿನ ದೊಡ್ಡ ಎ ಎಂದರೆ ಅನುಸ್ವಾರ. ಇಂಗ್ಲಿಷ್ ವಿಳಾಸಗಳೂ ಬೆರೆತಿರುವ ಕಾಲಮ್ಮನ್ನು ಕಣ್ಣುಮುಚ್ಚಿ ಪರಿವರ್ತಿಸಿದರೆ ಮನೆ ಸಂಖ್ಯೆ ‘12ಎ’ ಹೋಗಿ ‘12’ರ ಪಕ್ಕ ಒಂದು ಸೊನ್ನೆ ಕೂರುತ್ತದೆ!

ಇನ್ನು ಜಾಗದ ತಕರಾರು. ನುಡಿಯಲ್ಲಿ ‘ಕನ್ನಡ’ಕ್ಕೆ 7 ಬೈಟ್ ಸಾಕು. ಯೂನಿಕೋಡನ್ನು ಬೈಟುಗಳಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಕನ್ನಡ’ದ ಐದು ಸಂಕೇತಗಳಿಗೆ, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆಯೂ (್) ಸೇರಿ, 15. ಒರಾಕಲ್ ಡೇಟಾಬೇಸ್‌ನಲ್ಲಿ ಬೇರೆ ಸೂಚನೆ ಕೊಡದಿದ್ದರೆ ಕಾಲಮ್ಮಿನ ಅಳತೆ ಬೈಟುಗಳಲ್ಲೇ. 30 ಬೈಟಿನ ಹೆಸರಿನ ಕಾಲಮ್ಮಿನಲ್ಲಿ ಇಷ್ಟು ವರ್ಷ ಕಾಲು ಚಾಚಿ ಮಲಗಿದ್ದ ವೆಂಕಟಸುಬ್ಬಯ್ಯನವರಿಗೆ ಈಗ 39 ಬೈಟ್ ಬೇಕು. ಡೇಟಾಬೇಸು ದೋಷವೆಂದು ತಿರಸ್ಕರಿಸಿದರೆ ಪುಣ್ಯ, ಯಾರಾದರೂ ನೋಡಿಯಾರು. ದೋಷ ಬರದಿರಲಿ ಎಂದು ಪರಿವರ್ತಕವೇ 30ಕ್ಕೆ ಕತ್ತರಿಸಿ ಕಳುಹಿಸಿದರೆ, ಹತ್ತು ಸಂಕೇತಗಳಿಗೆ ಸರಿಯಾಗಿ ಅವರು ‘ವೆಂಕಟಸುಬ್ಬ’ ಆಗುತ್ತಾರೆ. ನೋಡಲು ಅದೂ ಒಂದು ಹೆಸರೇ. ತಾಳೆ ನೋಡುವವರಿಗೆ ಅನುಮಾನವೇ ಬರುವುದಿಲ್ಲ.